ಹ್ಯಾಸೋ ಹ್ಯಾವೋ

ಹೊಸದಾಗಿ ಇಂಗ್ಲಿಷ್ ಟೀಚರ್ ಆದವರು ಆಗಾಗ ನನ್ನನ್ನು ಕೇಳುತ್ತಾರೆ: ಹಳ್ಳಿಯ ಮಕ್ಕಳಿಗೆ ಕಲಿಸುವಾಗ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು ಎಂದು. ಪ್ಯಾಸಿವ್ ವಾಯ್ಸ್ ಎನ್ನುತ್ತೇನೆಂದೋ, ಸ್ಪೆಲಿಂಗ್ ಎನ್ನುತ್ತೇನೆಂದೋ ಅವರು ಕಾಯುತ್ತಾರೆ. ನನ್ನ ಮಟ್ಟಿಗೆ ಕಷ್ಟವಾದದ್ದು ಒಂದು ಸಣ್ಣ ‘ಎಸ್’. ಅದನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು, ಹಚ್ಚಿದ ಮೇಲೆ ಮುಂದಿನ ಕ್ರಿಯಾಪದ ಏನಾಗಬೇಕು ಎನ್ನುವುದು. ಜೇವರ್ಗಿ, ಅಫಜಲಪುರ, ಆಳಂದ, ಈ ಮೂರು ತಾಲೂಕುಗಳಲ್ಲಿ ನಾನು ಸವೆಸಿದ ಸೀಮೆಸುಣ್ಣದಲ್ಲಿ ಅರ್ಧದಷ್ಟು ಅದಕ್ಕೇ ಹೋಗಿರಬೇಕು. ವರ್ಗಾವಣೆ, ಬಡ್ತಿ, ಶಾಲು ಹೊದಿಸಿದ್ದು ಎಲ್ಲವನ್ನೂ ಬಿಟ್ಟು ಅಷ್ಟನ್ನೇ ಬರೆಯುತ್ತೇನೆ. ಅದರಲ್ಲಿ ನನ್ನ ತಪ್ಪುಗಳೇ ಹೆಚ್ಚಾಗಿ ಬರುತ್ತವೆ; ಓದುವವರಿಗೆ ಅವುಗಳಿಂದಲೇ ಹೆಚ್ಚು ಉಪಯೋಗ.

ಎಪ್ಪತ್ತರ ದಶಕದಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಜೇವರ್ಗಿ ತಾಲೂಕಿನ ಒಂದು ಹೈಸ್ಕೂಲಿಗೆ. ತಗಡಿನ ಚಾವಣಿ, ಕೆಳಗೆ ಶಹಾಬಾದ ಕಲ್ಲಿನ ನೆಲ. ಎಂಟನೆಯ ತರಗತಿಯಲ್ಲಿ ಬಸಪ್ಪ ಎಂಬ ಹುಡುಗನಿದ್ದ. ‘ಹತ್ತು ಎಮ್ಮೆಗಳು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಪ್ರತಿ ಸಲವೂ ‘ಟೆನ್ ಬಫಲೋ’ ಎಂದೇ ಬರೆಯುತ್ತಿದ್ದ. ಎರಡು ಸಲ ಹೇಳಿದೆ, ಮೂರನೆಯ ಸಲಕ್ಕೆ ಸಿಟ್ಟು ಬಂದು ‘ಟೆನ್ ಬಫಲೋಸ್’ ಎಂದು ನೂರು ಸಲ ಬರೆದುಕೊಂಡು ಬಾ ಎಂದೆ. ಅವನು ಮನೆಯಲ್ಲಿ ಕೂತು ಬರೆಯತೊಡಗಿದ. ಮೂರನೆಯ ದಿನ ಅವನ ತಾಯಿ ಶಾಲೆಗೆ ಬಂದಳು.

“ಟೀಚರ್ರಿ, ಹುಡುಗ ಏನ್ ತಪ್ಪ ಮಾಡ್ಯಾನ್ರಿ? ಮನ್ಯಾಗ ಎಮ್ಮಿ ಬಿಡೂದು ಬಿಟ್ಟು ಎಮ್ಮಿ ಹೆಸರ ಬರಕೋತ ಕುಂತಾನ.”

“ಹತ್ತು ಎಮ್ಮಿಗೋಳು ಅನ್ನೂದನ್ನ ಹತ್ತು ಎಮ್ಮಿ ಅಂತ ಬರದಾನವ್ವ” ಎಂದೆ.

“ನಮ್ಮ ಮನ್ಯಾಗ ನಾಕು ಎಮ್ಮಿ ಅದಾವ್ರಿ. ನಾಕು ಎಮ್ಮಿ ಅಂತನ ಅಂತೇವಿ. ನಾಕು ಎಮ್ಮಿಗೋಳು ಅಂದ್ರ ಓಣ್ಯಾಗಿನ ಮಂದಿ ನಗ್ತಾರ್ರಿ. ನಾಕು ಅಂದಮ್ಯಾಲ ಮುಗೀತಲ್ಲ?”

ಆಕೆ ಹೋದ ಮೇಲೆ ಕೂತು ಯೋಚಿಸಿದೆ. ಐದು ರೊಟ್ಟಿ, ಹತ್ತು ಮನೆ, ನೂರು ತೆಂಗಿನಕಾಯಿ. ನಾನೂ ದಿನಾ ಆಡುವುದು ಹಾಗೆಯೇ. ಮನುಷ್ಯರಾದರೆ ಮಾತ್ರ ಇಬ್ಬರು ಹುಡುಗರು, ಮೂವರು ಹೆಂಗಸರು ಎನ್ನುತ್ತೇವೆ. ದನ, ಕಾಳು, ಪಾತ್ರೆಗಳಿಗೆ ಸಂಖ್ಯೆ ಹೇಳಿದರೆ ಸಾಕು, ‘ಗಳು’ ಬೇಕಿಲ್ಲ. ಹುಡುಗ ದಡ್ಡನಾಗಿರಲಿಲ್ಲ. ತನ್ನ ಭಾಷೆಯ ನಿಯಮವನ್ನು ಸರಿಯಾಗಿ ಪಾಲಿಸಿದ್ದ. ಬಿ.ಎ., ಬಿ.ಎಡ್. ಮಾಡಿದವಳಾದ ನನಗೆ ಆ ನಿಯಮ ಗೊತ್ತಿರಲಿಲ್ಲ.

ಮರುದಿನ ತರಗತಿಯಲ್ಲಿ ಪಾಠವನ್ನು ಕನ್ನಡದಿಂದಲೇ ಸುರು ಮಾಡಿದೆ. “ನಾವು ನಾಕು ಎಮ್ಮಿ ಅಂದ್ರ ಕೇಳಿದವ ನಂಬ್ತಾನ. ಇಂಗ್ಲಿಷಿನವ ನಂಬೂದಿಲ್ಲ. ಅವಗ ನಾಕು ಅಂತ ಹೇಳಿ, ಮತ್ತ ಎಮ್ಮಿ ಬಾಲಕ್ಕ ಒಂದು ‘ಎಸ್’ ಕಟ್ಟಿ ತೋರಸಬೇಕು” ಎಂದೆ. ಹುಡುಗರು ನಕ್ಕರು. ನಕ್ಕವರು ಮರೆಯಲಿಲ್ಲ. ಅಂದಿನಿಂದ ಇಂಪೊಸಿಶನ್ ಕೊಡುವುದನ್ನು ಬಿಟ್ಟೆ. ‘ಬಫಲೋ’ಗೆ ‘ಎಸ್’ ಇಲ್ಲದೆಯೂ ನಡೆಯುತ್ತದೆ ಎಂದು ಡಿಕ್ಷನರಿಯಲ್ಲಿ ಕಂಡದ್ದು ಎಷ್ಟೋ ವರ್ಷಗಳ ಮೇಲೆ.

‘ಮಚ್’ ಮತ್ತು ‘ಮೆನಿ’ಗೂ ಹೀಗೆಯೇ ಒಂದು ದಾರಿ ಹುಡುಕಿದೆ. ನಮ್ಮ ‘ಭಾಳ’ ಎಲ್ಲದಕ್ಕೂ ಬರುತ್ತದೆ: ಭಾಳ ನೀರು, ಭಾಳ ಮಂದಿ. ಎಣಿಸುವುದಕ್ಕೆ ಮೆನಿ, ಅಳೆಯುವುದಕ್ಕೆ ಮಚ್ ಎಂದು ಹೇಳಿ, ಮೇಜಿನ ಮೇಲೆ ಒಂದು ಸೇರು ತೊಗರಿ ಸುರಿದು, ಪಕ್ಕದಲ್ಲಿ ನಾಲ್ಕು ಈರುಳ್ಳಿ ಇಟ್ಟೆ. ಪಾಠ ಚೆನ್ನಾಗಿ ಹೋಗುತ್ತಿತ್ತು. ಆಗ ಅದೇ ಬಸಪ್ಪ ಎದ್ದು ನಿಂತ.

“ಟೀಚರ್, ರೊಟ್ಟಿ ಎಣಿಸ್ತೇವಿ. ಬ್ರೆಡ್ಡೂ ರೊಟ್ಟಿನೇ ಅಂದ್ರಿ. ಮತ್ತ ಪುಸ್ತಕದಾಗ ಬ್ರೆಡ್ ಎಣಿಸಬಾರ್ದು ಅಂತ ಯಾಕ ಅದರಿ?”

“ಅವ್ರು ಹಂಗ ಇಟ್ಕೊಂಡಾರಪ್ಪ” ಎಂದೆ. ಈಗಲೂ ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಅಲ್ಲಿಂದ ನಾನು ಅಫಜಲಪುರ ತಾಲೂಕಿಗೆ ಬಂದೆ. ಅಲ್ಲಿ ನಡೆದದ್ದನ್ನು ಬರೆಯಲು ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ.

ಅಷ್ಟು ವರ್ಷವಾದರೂ ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡುವ ಕಾಗದದ ಮೇಲೆ ಇನ್‌ಸ್ಪೆಕ್ಟರ್ ಸಾಹೇಬರ ಸಹಿ ಬೇಕಿತ್ತು. ಅವರು ಚಳಿಗಾಲದಲ್ಲಿ ಶಾಲೆಯ ತಪಾಸಣೆಗೆ ಬಂದರು. ಎತ್ತರದ ಮನುಷ್ಯ, ಕಪ್ಪು ಶೇರ್ವಾನಿ, ಮಾತು ಕಡಿಮೆ. ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂತರು. ನಾನು ಬೋರ್ಡಿನ ಮೇಲೆ ‘ಈಚ್ ಆಫ್ ದ ಬಾಯ್ಸ್ ಹ್ಯಾಸ್ ಕಮ್’ ಎಂದು ಬರೆದು, ‘ಹುಡುಗರಲ್ಲಿ ಪ್ರತಿಯೊಬ್ಬನೂ ಬಂದಿದ್ದಾನೆ’ ಎಂದು ಅರ್ಥ ಹೇಳುತ್ತಿದ್ದೆ. ಸಾಹೇಬರು ಎದ್ದು ನಿಂತರು.

“ಬಾಯ್ಸ್ ಅಂದ್ರ ಎಷ್ಟು ಮಂದಿ?”

“ಭಾಳ ಮಂದಿ ಸರ್.”

“ಭಾಳ ಮಂದಿ ಇದ್ದಮ್ಯಾಲ ಹ್ಯಾಸ್ ಹ್ಯಾಂಗ ಬರ್ತದ? ಹ್ಯಾವ್ ಆಗ್ಬೇಕಲ್ಲ? ವರಸ್ರಿ ಅದನ್ನ.”

ನಾನು ಬರೆದದ್ದೇ ಸರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರರು ಕಣ್ಣಲ್ಲೇ ಬೇಡ ಎಂದರು. ನಾನು ಡಸ್ಟರ್ ತೆಗೆದುಕೊಂಡು ‘ಹ್ಯಾಸ್’ ಒರೆಸಿ ‘ಹ್ಯಾವ್’ ಎಂದು ಬರೆದೆ. ಸಾಹೇಬರು ಹೋಗುವಾಗ ವಿಜಿಟ್ ಬುಕ್ಕಿನಲ್ಲಿ, ಇಂಗ್ಲಿಷ್ ಟೀಚರ್ ವ್ಯಾಕರಣದಲ್ಲಿ ಇನ್ನೂ ಗಮನ ಕೊಡಬೇಕು ಎಂದು ಬರೆದು ಹೋದರು.

ಅಷ್ಟಕ್ಕೆ ಮುಗಿದಿದ್ದರೆ ಮರೆತುಬಿಡುತ್ತಿದ್ದೆ. “ಟೀಚರ್, ಸಾಹೇಬ್ರು ಹೇಳಿದ್ದನ್ನ ಬರಸ್ರಿ. ಮುಂದಿನ ಸಲ ಬಂದಾಗ ಹುಡುಗರಿಗೆ ಅದನ್ನ ಕೇಳಿದ್ರ ನಾವು ಸಿಗಬೀಳ್ತೇವಿ” ಎಂದರು ಹೆಡ್‌ಮಾಸ್ಟರರು. ನಾನು ಬರೆಸಿದೆ. ಮೂವತ್ತೊಂದು ಮಕ್ಕಳ ವ್ಯಾಕರಣದ ನೋಟ್ಸಿನಲ್ಲಿ ‘ಈಚ್ ಆಫ್ ದ ಬಾಯ್ಸ್ ಹ್ಯಾವ್ ಕಮ್’ ಎಂದು ನಾನೇ ನಿಧಾನವಾಗಿ, ಎರಡೆರಡು ಸಲ ಹೇಳಿ ಬರೆಸಿದೆ.

ಪರೀಕ್ಷೆಯ ರಜೆಗೆ ಮುಂಚೆ ಹಾಲ್ ಟಿಕೆಟ್ ಹಂಚಿದ ದಿನ ಚೌಡಾಪುರದ ನೀಲಮ್ಮ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ತರಗತಿಯಲ್ಲಿ ಹೆಚ್ಚು ಮಾತನಾಡದ ಹುಡುಗಿ. ಎರಡು ನೋಟ್ ಬುಕ್ ತೆರೆದು ತೋರಿಸಿದಳು. ಸಾಹೇಬರು ಬರುವ ಹಿಂದಿನ ದಿನ ನಾನೇ ಅಭ್ಯಾಸಕ್ಕೆಂದು ಬರೆಸಿದ್ದು ಒಂದರಲ್ಲಿ, ಆಮೇಲಿನದು ಇನ್ನೊಂದರಲ್ಲಿ.

“ಟೀಚರ್, ಪರೀಕ್ಷ್ಯಾಗ ಯಾವುದು ಬರೀಲ್ರಿ? ನಿಮ್ಮದೋ, ಸಾಹೇಬ್ರದೋ?”

ಪಕ್ಕದಲ್ಲಿ ಇನ್ನಿಬ್ಬರು ಶಿಕ್ಷಕರು ಕೂತಿದ್ದರು. “ಸಾಹೇಬ್ರದು ಬರಿ” ಎಂದೆ. ಅವಳು “ಹೂಂರಿ” ಎಂದು ಹೋದಳು. ಅವಳು ಎದುರು ಮಾತನಾಡಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ನಂಬಿ ಹೋದಳು.

ಮರುದಿನದಿಂದ ರಜೆ; ಮಕ್ಕಳು ತಮ್ಮ ತಮ್ಮ ಊರು ಸೇರಿದ್ದರು. ಮೂರನೆಯ ದಿನ ಹೆಡ್‌ಮಾಸ್ಟರರ ಬಳಿ ಹೋಗಿ, ಮಕ್ಕಳ ಊರುಗಳಿಗೆ ಹೋಗಿ ಆ ವಾಕ್ಯ ತಿದ್ದಿಸಿ ಬರುತ್ತೇನೆ ಎಂದೆ.

“ಒಂದು ಮಾರ್ಕಿನ ಸಲುವಾಗಿ ಬಿಸಲಾಗ ಊರೂರು ತಿರಗ್ತೀರೇನ್ರಿ?”

“ಮಾರ್ಕಿನ ಸಲುವಾಗಿ ಅಲ್ರಿ ಸರ್. ಹುಡುಗಿ ಬಂದು ಯಾವುದು ಖರೆ ಅಂತ ಕೇಳಿದ್ಳು. ನಾ ಸುಳ್ಳು ಹೇಳೇನಿ.”

ಅವರು ಕೆಟ್ಟ ಮನುಷ್ಯರೇನಲ್ಲ, ಹೆದರುವ ಮನುಷ್ಯರು. ಪ್ರವೇಶದ ರಜಿಸ್ಟರ್ ಎಳೆದುಕೊಂಡು ಮೂವತ್ತೊಂದು ಮಕ್ಕಳ ಊರು, ತಂದೆಯ ಹೆಸರು, ಓಣಿ ಎಲ್ಲವನ್ನೂ ಒಂದು ಹಾಳೆಯ ಮೇಲೆ ತಮ್ಮ ಕೈಯಾರೆ ಬರೆದುಕೊಟ್ಟರು. “ನೀವು ನನಗೇನೂ ಹೇಳಿಲ್ಲ, ನಾ ಏನೂ ಕೇಳಿಲ್ಲ” ಎಂದರು.

ಮೊದಲು ಹೋದದ್ದು ಚೌಡಾಪುರಕ್ಕೆ, ನೀಲಮ್ಮನ ಮನೆಗೆ. ಬಸ್ಸಿಳಿದು ವಿಳಾಸ ಕೇಳಿದ್ದೇ ತಡ, ನನಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಅವಳ ಅಜ್ಜಿ ನನ್ನ ಮನೆತನ ಯಾವುದು, ತಮ್ಮಂದಿರೆಷ್ಟು ಮಂದಿ, ಏನು ಮಾಡುತ್ತಾರೆ ಎಂದು ಒಂದೊಂದಾಗಿ ಕೇಳತೊಡಗಿದರು. ನಾನೂ ಹೇಳುತ್ತಾ ಹೋದೆ. ಅಷ್ಟರಲ್ಲಿ ನೀಲಮ್ಮ ರೇಷ್ಮೆ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು, ಚಹಾದ ಬಟ್ಟಲು ಹಿಡಿದು ಒಳಗಿನಿಂದ ಬಂದಳು. ಆಗ ನನಗೆ ತಿಳಿಯಿತು: ನಾನು ನನ್ನ ತಮ್ಮನಿಗೆ ಹುಡುಗಿ ನೋಡಲು ಬಂದಿದ್ದೇನೆ ಎಂದುಕೊಂಡಿದ್ದಾರೆ.

“ಅಮ್ಮಾರ, ನಾ ಕನ್ಯಾ ನೋಡಾಕ ಬಂದಿಲ್ರಿ. ನಿಮ್ಮ ಮೊಮ್ಮಗಳಿಗೆ ನಾ ಒಂದು ಅಕ್ಷರ ತಪ್ಪು ಕಲಿಸೇನಿ. ಅದನ್ನ ತಿದ್ದಾಕ ಬಂದೇನಿ.”

ಅಜ್ಜಿಗೆ ನಂಬಿಕೆಯಾಗಲಿಲ್ಲ. “ಒಂದು ಅಕ್ಷರದ ಸಲುವಾಗಿ ಬಸ್ ಹತ್ತಿ ಬಂದೀರೇನ್ರಿ?”

ನೀಲಮ್ಮನಿಗೆ ಮಾತ್ರ ನಾನು ಬಾಯಿ ತೆರೆಯುವ ಮೊದಲೇ ಅರ್ಥವಾಗಿತ್ತು. “ಹ್ಯಾಸ್ ಹೌದಿಲ್ರಿ ಟೀಚರ್?” ಎಂದಳು. ಹೌದು ಎಂದೆ. “ಅವತ್ತು ನಿನಗ ಸುಳ್ಳು ಹೇಳ್ದೆ. ಹೆದರಿ ಹೇಳ್ದೆ” ಎಂದೂ ಹೇಳಿದೆ. ಅವಳು ತಲೆ ತಗ್ಗಿಸಿ, ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, “ಗೊತ್ತಿತ್ರಿ” ಎಂದಳು. ಆಮೇಲೆ ಓಡಿಹೋಗಿ ಸೀರೆ ಬಿಚ್ಚಿಟ್ಟು ಲಂಗ ತೊಟ್ಟು ಬಂದು, ನೋಟ್ ಬುಕ್ ತೆಗೆದು ಆ ಸಾಲನ್ನು ಹೊಡೆದು ಹಾಕಿದಳು. ಅಜ್ಜಿ, ಬಂದದ್ದು ಬಂದಿದ್ದೀರಿ ಎಂದು ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಹೊಟ್ಟೆ ತುಂಬ ಉಂಡು ಎದ್ದೆ.

ಗಾಣಗಾಪುರದಲ್ಲಿ ದತ್ತು ಎಂಬ ಹುಡುಗ ಅಪ್ಪನ ಪೂಜಾ ಸಾಮಾನಿನ ಅಂಗಡಿಯಲ್ಲಿ ಕೂತಿದ್ದ. ಮಹಾರಾಷ್ಟ್ರದಿಂದ ಬಂದ ಭಕ್ತರೊಂದಿಗೆ ಪಟಪಟನೆ ಮರಾಠಿ ಮಾತನಾಡುತ್ತಿದ್ದ. ನಾನು ವಿಷಯ ಹೇಳಿದ ಕೂಡಲೇ, “ಹೌದಲ್ರಿ! ಮರಾಠ್ಯಾಗೂ ‘ಪ್ರತ್ಯೇಕ ಜಣ ಆಲಾ’, ಪ್ರತಿಯೊಬ್ಬ ಬಂದ ಅಂತಾರ್ರಿ. ಬಂದವ್ರು ನೂರು ಮಂದಿ ಇದ್ರೂ ‘ಆಲಾ’ನ, ‘ಆಲೇ’ ಅನ್ನೂದಿಲ್ಲ” ಎಂದ. ತೆಂಗಿನಕಾಯಿ ಮಾರುತ್ತಾ ಅವನು ಹೇಳಿದ ಆ ಮಾತನ್ನು ನಾನು ಮುಂದೆ ಎಷ್ಟೋ ತರಗತಿಗಳಲ್ಲಿ ಬಳಸಿಕೊಂಡಿದ್ದೇನೆ.

ಮೂರು ದಿನಗಳಲ್ಲಿ ಮೂವತ್ತು ಮಕ್ಕಳು ಸಿಕ್ಕರು. ಕೆಲವರು ಹೊಲದಲ್ಲಿ, ಕೆಲವರು ಗುಡಿಯ ಕಟ್ಟೆಯ ಮೇಲೆ, ಒಬ್ಬ ಹೊಳೆಯಲ್ಲಿ ಈಜುತ್ತಾ. ಒಬ್ಬಳು ಅಕ್ಕನ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದಳು. ಅವಳಿಗೆ ಕಾರ್ಡು ಬರೆದೆ. ಪರೀಕ್ಷೆ ಬಂತು. ನಾನು ಪ್ರಶ್ನೆಪತ್ರಿಕೆಯನ್ನು ತೆರೆದು ನೋಡಿದೆ. ‘ಈಚ್’ ಎಂಬ ಪದವೇ ಅದರಲ್ಲಿ ಎಲ್ಲೂ ಇರಲಿಲ್ಲ.

ಹೆಡ್‌ಮಾಸ್ಟರರು ಶಾಲೆಯ ವರಾಂಡದಲ್ಲಿ ನಿಂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಾನೂ ನಕ್ಕೆ. ಆದರೆ ಆ ಮೂರು ದಿನ ದಂಡವಾಯಿತು ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ.

ಮುಂದಿನ ವರ್ಷ ಸಾಹೇಬರು ಮತ್ತೆ ಬಂದರು. ನಾನು ಬೇಕೆಂದೇ ಅದೇ ವಾಕ್ಯವನ್ನು ಬರೆದೆ, ‘ಹ್ಯಾಸ್’ ಹಾಕಿ. ಅವರು ಎದ್ದರು.

“ಟೀಚರ್, ಇದನ್ನ ಹೋದ ವರ್ಷ ಹೇಳಿದ್ನಲ್ಲ.”

“ಹೇಳಿದ್ರಿ ಸರ್. ಆದ್ರ ಅದು ತಪ್ಪು ಅದರಿ. ಬಾಯ್ಸ್ ಎಷ್ಟ ಮಂದಿ ಇರ್ಲಿ, ಈಚ್ ಅಂದ್ರ ಒಬ್ಬೊಬ್ಬನ ಮಾತು. ಒಬ್ಬೊಬ್ಬ ಬಂದಾನ, ಬಂದಾರ ಅಲ್ರಿ.”

ಸಾಹೇಬರು ಬೋರ್ಡನ್ನೇ ನೋಡುತ್ತಾ ಬಾಯಲ್ಲೇ ಏನೋ ಅಂದುಕೊಂಡರು. ಆಮೇಲೆ ಸ್ವಲ್ಪ ಜೋರಾಗಿ ಅಂದರು: “ಲಡಕೋಂ ಮೇಂ ಸೇ ಹರ್ ಏಕ್... ಆಯಾ ಹೈ. ಹಾಂ, ಆಯಾ ಹೈ. ಆಯೇ ಹೈಂ, ಬಂದಾರ, ಅನ್ನೂದಿಲ್ಲ.” ಮತ್ತೇನೂ ಹೇಳದೆ ಕೂತುಬಿಟ್ಟರು.

ಪಾಠ ಮುಗಿದ ಮೇಲೆ ನನ್ನನ್ನು ಆಫೀಸಿಗೆ ಕರೆಸಿದರು. “ಕುಂದರ್ರಿ. ನಾ ಉರ್ದು ಮೀಡಿಯಂದಾಗ ಕಲ್ತವ. ಇಂಗ್ಲಿಷ್ ನನ್ನಷ್ಟಕ್ಕ ನಾನ ಓದಿ ಕಲ್ತೇನಿ. ಗಲತ್ ಅದ ಅಂತ ಇಷ್ಟು ವರ್ಷ ಯಾರೂ ಹೇಳಲಿಲ್ಲ ನೋಡ್ರಿ. ಸಾಹೇಬ ಆದಮ್ಯಾಲ ಯಾರೂ ಹೇಳೂದಿಲ್ಲ.” ವಿಜಿಟ್ ಬುಕ್ಕು ತರಿಸಿ, ಹಿಂದಿನ ವರ್ಷ ತಾವು ಬರೆದ ಸಾಲನ್ನು ಹುಡುಕಿ, ಅದರ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದು ಸಹಿ ಮಾಡಿದರು; ನನ್ನ ಖಾಯಂ ಕಾಗದದ ಮೇಲೂ ಅಂದೇ ಅವರ ಸಹಿ ಬಿತ್ತು. ನನ್ನ ನೌಕರಿಯಲ್ಲಿ ನಾನು ಹಲವು ಮೇಲಧಿಕಾರಿಗಳನ್ನು ಕಂಡೆ. ತಾವು ಬರೆದದ್ದನ್ನು ತಾವೇ ಹೊಡೆದು ಹಾಕಿದವರು ಅವರೊಬ್ಬರೇ.

ಗೆದ್ದೆ ಎಂಬ ಹೆಮ್ಮೆ ನನಗೆ ಬಂದದ್ದು ನಿಜ. ಆ ಹೆಮ್ಮೆಯಲ್ಲೇ ಒಂದು ಸೂತ್ರ ಮಾಡಿಕೊಂಡೆ: ‘ಆಫ್’ನ ಮುಂದೆ ನೋಡಬೇಡ, ಹಿಂದೆ ನೋಡು. ಈಚ್ ಆಫ್, ಒನ್ ಆಫ್, ನೈದರ್ ಆಫ್, ಎಲ್ಲಕ್ಕೂ ಅದು ಕೀಲಿಕೈಯಂತೆ ಹೊಂದುತ್ತಿತ್ತು. ತೊಂಬತ್ತರ ದಶಕದಲ್ಲಿ ಆಳಂದಕ್ಕೆ ಬರುವ ಹೊತ್ತಿಗೆ ನಾನು ಹಿರಿಯ ಟೀಚರ್. ನನ್ನ ಸೂತ್ರವನ್ನು ಬೇರೆ ಶಾಲೆಯ ಹೊಸ ಶಿಕ್ಷಕರೂ ಬರೆದುಕೊಂಡು ಹೋಗುತ್ತಿದ್ದರು. ನನಗೆ ತಪ್ಪು ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಸಾಹೇಬರ ಮಾತು ನನಗೇ ಅನ್ವಯಿಸುತ್ತಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಅದೇ ಸೂತ್ರ ಹಿಡಿದು ‘ಎ ನಂಬರ್ ಆಫ್ ಬಾಯ್ಸ್ ವಾಸ್ ಆಬ್ಸೆಂಟ್’ ಎಂದು ಬರೆದೆ. ಆಫ್‌ನ ಹಿಂದೆ ‘ನಂಬರ್’ ಇದೆ, ಅದು ಏಕವಚನ, ಆದ್ದರಿಂದ ‘ವಾಸ್’. ಕಿಣ್ಣಿ ಸುಲ್ತಾನದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಸಿದ್ಧಮ್ಮ ಎದ್ದು ನಿಂತಳು.

“ಟೀಚರ್, ಪಾಠದಾಗ ‘ಎ ನಂಬರ್ ಆಫ್ ಬರ್ಡ್ಸ್ ವರ್’ ಅಂತ ಅದರಿ.”

“ಪ್ರಿಂಟ್ ತಪ್ಪಿರಬೇಕು. ಕುಂದರು.”

“ಎರಡು ಕಡೆ ಅದರಿ. ಪ್ರಿಂಟ್ ತಪ್ಪು ಎರಡೂ ಕಡೆ ಹ್ಯಾಂಗ ಆಗ್ತದ್ರಿ?”

ಹುಡುಗರು ಕಿಸಕ್ಕೆಂದು ನಕ್ಕರು. ಇಪ್ಪತ್ತು ವರ್ಷದ ಅನುಭವ ಇರುವವಳಿಗೆ ಬರಬಾರದ ಸಿಟ್ಟು ಬಂತು. “ಭಾಳ ಶಾಣ್ಯಾಕಿ ಆಗೀದಿ. ಹೊರಗ ನಿಂದರು” ಎಂದೆ. ಅವಳು ಪುಸ್ತಕ ಎದೆಗೆ ಒತ್ತಿಕೊಂಡು ಪಿರಿಯಡ್ ಮುಗಿಯುವವರೆಗೂ ಬಾಗಿಲ ಹೊರಗೆ ನಿಂತಿದ್ದಳು.

ಸಂಜೆ ಮನೆಗೆ ಹೋಗಿ ದಪ್ಪ ವ್ಯಾಕರಣದ ಪುಸ್ತಕ ತೆಗೆದೆ. ಹುಡುಗಿ ಹೇಳಿದ್ದೇ ಸರಿ. ‘ಎ ನಂಬರ್ ಆಫ್’ ಎಂದರೆ ಎಷ್ಟೋ ಮಂದಿ ಎಂದರ್ಥ. ಎಷ್ಟೋ ಮಂದಿ ಬಂದರು ಎನ್ನುತ್ತೇವೆ, ಬಂದನು ಎನ್ನುವುದಿಲ್ಲ. ‘ದ ನಂಬರ್ ಆಫ್’ ಎಂದಾಗ ಮಾತ್ರ ಅದು ಸಂಖ್ಯೆ, ಅಲ್ಲಿ ಏಕವಚನ. ‘ಆಲ್ ಆಫ್’, ‘ಸಮ್ ಆಫ್’, ‘ಎ ಲಾಟ್ ಆಫ್’ ಬಂದಾಗ ನೋಡಬೇಕಾದದ್ದು ಮುಂದಿನ ಪದವನ್ನೇ. ನನ್ನ ಕೀಲಿಕೈ ಅರ್ಧ ಬೀಗಗಳಿಗೆ ಮಾತ್ರ ಹೊಂದುತ್ತಿತ್ತು. ಅರ್ಥ ನೋಡದೆ ಆಫ್‌ನ ಹಿಂದೆ ಮುಂದೆ ನೋಡುವುದನ್ನು ಕಲಿಸಿದ್ದೆ. ಎಷ್ಟು ವರ್ಷ, ಎಷ್ಟು ಮಕ್ಕಳಿಗೆ!

ಮರುದಿನ ಬೆಳಿಗ್ಗೆ ತರಗತಿಯಲ್ಲಿ ತಿದ್ದಿದರಾಯಿತು ಎಂದುಕೊಂಡು ಶಾಲೆಗೆ ಹೋದೆ. ಸ್ಟಾಫ್ ರೂಮಿನ ಮುಂದೆ ಸಿದ್ಧಮ್ಮನ ತಂದೆ ನಿಂತಿದ್ದರು. ಹೊಲದ ಕೆಲಸ ಬಿಟ್ಟು, ಒಗೆದ ಧೋತರ ಉಟ್ಟು ಬಂದಿದ್ದರು. ಕಂಬದ ಪಕ್ಕದಲ್ಲಿ ಸಿದ್ಧಮ್ಮ. ಯೂನಿಫಾರ್ಮ್ ಇಲ್ಲ, ಪಾಟಿಚೀಲ ಇಲ್ಲ, ಅತ್ತು ಅತ್ತು ಕಣ್ಣು ಊದಿತ್ತು.

“ಮಾಫ್ ಮಾಡ್ರಿ ಟೀಚರ್” ಎಂದು ಅವರು ಕೈಮುಗಿದರು. “ನಮ್ಮ ಹುಡುಗಿ ನಿಮಗ ಎದುರ ಮಾತಾಡಿದ್ಳಂತ, ಊರಾಗೆಲ್ಲ ಅದ ಸುದ್ದಿ ಆಗ್ಯಾದ. ಕಲಿಸೋರಿಗೆ ಎದುರ ಮಾತಾಡೂ ಹುಡುಗಿ ಕಲ್ತು ಏನ್ ಮಾಡ್ತಾಳ್ರಿ? ಈಕೀದು ಟಿ.ಸಿ. ಕೊಡಿಸ್ರಿ. ಮನ್ಯಾಗ ಇರ್ತಾಳ.” ಜೇಬಿನಿಂದ ಅರ್ಜಿ ತೆಗೆದರು. ಊರಲ್ಲಿ ಯಾರಿಂದಲೋ ಬರೆಸಿಕೊಂಡು ಬಂದಿದ್ದರು.

“ಕುಂದರ್ರಿ ಯಜಮಾನ್ರ” ಎಂದೆ. ಅವರು ಕೂರಲಿಲ್ಲ. “ನಿನ್ನೆ ನಿಮ್ಮ ಮಗಳು ಹೇಳಿದ್ದು ಖರೆ ಅದರಿ. ನಾ ಹೇಳಿದ್ದು ತಪ್ಪು.”

ಅವರಿಗೆ ನಾನು ಚೇಷ್ಟೆ ಮಾಡುತ್ತಿದ್ದೇನೆ ಅನ್ನಿಸಿರಬೇಕು. “ನೀವು ಹೇಳೂದು ತಪ್ಪ ಹ್ಯಾಂಗ ಆಗ್ತದ್ರಿ? ನೀವು ಟೀಚರ್ ಇದ್ದೀರಿ.”

“ಟೀಚರ್ ಇದ್ರೂ ತಪ್ಪತೇವ್ರಿ. ರಾತ್ರಿ ಪುಸ್ತಕ ತಗದು ನೋಡೇನಿ. ಆಕಿನ್ನ ಹೊರಗ ನಿಲ್ಲಿಸಿದ್ದು ಇನ್ನೊಂದು ತಪ್ಪು. ಮಾಫಿ ಕೇಳಬೇಕಾದಾಕಿ ನಾನು.” ಸಿದ್ಧಮ್ಮನ ಕಡೆ ತಿರುಗಿ, “‘ವರ್’ ಸರಿ ಅದವ್ವ. ನಿನ್ನ ಮ್ಯಾಲ ಸಿಟ್ಟು ಮಾಡಬಾರದಿತ್ತು” ಎಂದೆ.

ಅವಳು ಮತ್ತೆ ಅಳತೊಡಗಿದಳು. ತಂದೆ ಒಮ್ಮೆ ನನ್ನನ್ನು, ಒಮ್ಮೆ ಮಗಳನ್ನು ನೋಡಿದರು. ಬೆಂಚಿನ ಮೇಲೆ ಕೂತರು. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನನಗೆ ನಿಜಕ್ಕೂ ಭಯವಾಗಿತ್ತು. ಇಷ್ಟು ಹೇಳಿದ ಮೇಲೂ ಇಂಥ ಟೀಚರ್ ಕೈಯಲ್ಲಿ ಮಗಳನ್ನು ಬಿಡುವುದಿಲ್ಲ ಎಂದರೆ ನಾನು ಏನನ್ನುವುದು?

“ಅಂದ್ರ ಈಕಿ ನಿಮ್ಮ ತಪ್ಪು ಹಿಡದಾಳ?”

“ಹೌದ್ರಿ.”

“ಇಂಗ್ಲಿಷಿನ್ಯಾಗ?”

“ಇಂಗ್ಲಿಷಿನ್ಯಾಗ.”

ಅವರ ಮೀಸೆಯ ಕೆಳಗೆ ಮೆಲ್ಲಗೆ ನಗು ಬಂತು. ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

“ಹಂಗಾದ್ರ ಈಕಿನ್ನ ಮನಿಗೆ ಕರಕೊಂಡು ಹೋಗೂದು ಬ್ಯಾಡ್ರಿ. ಮನ್ಯಾಗ ಕುಂತ್ರ ನನ್ನ ತಪ್ಪು ಹಿಡಿಯಾಕ ಸುರು ಮಾಡ್ತಾಳ. ಇಲ್ಲೇ ಇರ್ಲಿ, ನಿಮ್ಮವ ಹಿಡೀಲಿ.”

ಗಂಟೆ ಹೊಡೆಯಿತು. ಸಿದ್ಧಮ್ಮ ಮುಖ ಒರೆಸಿಕೊಂಡು, ಮನೆಯ ಬಟ್ಟೆಯಲ್ಲೇ, ಕೈಯಲ್ಲಿ ಒಂದು ಪುಸ್ತಕವೂ ಇಲ್ಲದೆ ಒಂಬತ್ತನೆಯ ತರಗತಿಯ ಕಡೆ ನಡೆದಳು. ನಾನು ಸೀಮೆಸುಣ್ಣ ತೆಗೆದುಕೊಂಡು ಅವಳ ಹಿಂದೆ ಹೋದೆ. ಯೂನಿಫಾರ್ಮ್ ಎಲ್ಲಿ ಎಂದು ಅಂದು ಅವಳನ್ನು ಯಾರೂ ಕೇಳಲಿಲ್ಲ.